ಕೂಲಿ ಏರಿದರೆ ಆಳು ಹೆಚ್ಚುತ್ತಾರೆಯೇ?

ಭತ್ತದ ನಾಟಿಗೋ ರಾಗಿ ಕೊಯ್ಲಿಗೋ ಆಳು ಹುಡುಕುವ ದಿನಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಎರಡು ಮಾತು ಜೊತೆಜೊತೆಗೇ ಕಿವಿಗೆ ಬೀಳುತ್ತವೆ. ‘ಎಷ್ಟು ಕೂಲಿ ಕೊಡ್ತೀನಂದ್ರೂ ಆಳು ಸಿಗಲ್ಲ’ ಎನ್ನುವುದು ಒಂದು. ‘ಮೂರು ದಿನದ ಕೂಲೀಲಿ ವಾರ ಕಳೆಯುತ್ತೆ, ನಾಲ್ಕನೇ ದಿನ ಯಾಕೆ ಬರ್ತಾರೆ’ ಎನ್ನುವುದು ಇನ್ನೊಂದು. ಮೊದಲನೆಯದು ಸಂಕಟದ ಮಾತು, ಅದರಲ್ಲಿ ನಿಜವಿದೆ. ಎರಡನೆಯದು ಹಾಗಲ್ಲ. ಬಡವರ ಕೈಗೆ ಹೆಚ್ಚು ಕಾಸು ಬಂದರೆ ಅವರು ಕಡಿಮೆ ದುಡಿಯುತ್ತಾರೆ ಎಂಬ ತೀರ್ಪು ಅದರೊಳಗಿದೆ. ಕನಿಷ್ಠ ಕೂಲಿಯ ಚರ್ಚೆಯಾಗಲಿ, ಉದ್ಯೋಗ ಖಾತ್ರಿಯ ಮೇಲಿನ ಸಿಟ್ಟಾಗಲಿ, ಗೃಹಲಕ್ಷ್ಮಿಯ ಬಗೆಗಿನ ಜಗಳವಾಗಲಿ, ಎಲ್ಲದರ ಬುಡದಲ್ಲೂ ಈ ನಂಬಿಕೆಯೇ ಇರುತ್ತದೆ. ಇದು ನಿಜವೇ ಎಂದು ಅಳೆದು ನೋಡಲು ಸಾಧ್ಯ. ಅರ್ಥಶಾಸ್ತ್ರಜ್ಞರು ಅಳೆದೂ ಇದ್ದಾರೆ.

ನಂಬಿಕೆ ಹಳೆಯದು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಧಾನ್ಯ ಅಗ್ಗವಾದ ವರ್ಷ ಕೆಲಸಗಾರರು ಮೈಗಳ್ಳರಾಗುತ್ತಾರೆ ಎಂದು ಬರೆದವರು ಬಹಳ ಜನ. 1776ರಲ್ಲಿ ಆಡಂ ಸ್ಮಿತ್ ಅದನ್ನು ಒಪ್ಪಲಿಲ್ಲ. ಒಳ್ಳೆಯ ಕೂಲಿ ಸಿಕ್ಕವರು ಇನ್ನಷ್ಟು ಚುರುಕಾಗಿ ದುಡಿಯುತ್ತಾರೆ, ಗುತ್ತಿಗೆ ಲೆಕ್ಕದಲ್ಲಿ ಕೈತುಂಬ ಸಿಗುವವರಂತೂ ಆರೋಗ್ಯ ಕೆಡುವಷ್ಟು ದುಡಿಯುತ್ತಾರೆ ಎಂದು ಅವನು ವಾದಿಸಿದ. ಆದರೂ ಬ್ರಿಟಿಷರು ಆಫ್ರಿಕಾಕ್ಕೆ ಹೋದಾಗ ಹಳೆಯ ನಂಬಿಕೆಯನ್ನೇ ಹೊತ್ತುಕೊಂಡು ಹೋದರು. ಇಂದಿನ ಮಲಾವಿ ಆಗ ನ್ಯಾಸಾಲ್ಯಾಂಡ್. ಅಲ್ಲಿ ಗುಡಿಸಲಿಗೊಂದು ತೆರಿಗೆ ಹಾಕಿದರು. ತೆರಿಗೆ ಕಟ್ಟಲು ನಗದು ಬೇಕು, ನಗದು ಬೇಕೆಂದರೆ ಬಿಳಿಯರ ತೋಟಕ್ಕೆ ಕೂಲಿಗೆ ಹೋಗಬೇಕು. ಕೂಲಿ ಏರಿಸಿ ಜನರನ್ನು ಕರೆಯುವ ಬದಲು ತೆರಿಗೆ ಹೇರಿ ಎಳೆದು ತಂದರು. ಇದೇ ಮಲಾವಿ ಮುಂದೆ ಮತ್ತೆ ಬರುತ್ತದೆ.

ಎರಡು ಸೆಳೆತ

ಕೂಲಿ ಏರಿದಾಗ ಕೂಲಿಯಾಳಿನ ಮನಸ್ಸಿನಲ್ಲಿ ಏನು ಲೆಕ್ಕ ನಡೆಯುತ್ತದೆ? ದಿನಕ್ಕೆ 300 ರೂಪಾಯಿ ಪಡೆಯುವ ಹೆಂಗಸೊಬ್ಬಳಿದ್ದಾಳೆ ಎಂದಿಟ್ಟುಕೊಳ್ಳೋಣ. ಕೂಲಿ 400 ಆಯಿತು. ಈಗ ಒಂದು ದಿನ ಮನೆಯಲ್ಲುಳಿದರೆ ಅವಳು ಕಳೆದುಕೊಳ್ಳುವುದು 300 ಅಲ್ಲ, 400. ಹಾಗಾಗಿ ಮನೆಯಲ್ಲುಳಿಯುವುದು ದುಬಾರಿ, ಹೊಲಕ್ಕೆ ಹೋಗುವುದೇ ವಾಸಿ. ಇದನ್ನು ಬದಲಿ ಪರಿಣಾಮ ಎನ್ನುತ್ತಾರೆ. ಇನ್ನೊಂದು ಕಡೆ, ವಾರದ ಖರ್ಚಿಗೆ 1,200 ಬೇಕಿದ್ದರೆ ಮೊದಲು ನಾಲ್ಕು ದಿನ ಹೋಗಬೇಕಿತ್ತು, ಈಗ ಮೂರು ದಿನ ಸಾಕು. ಉಳಿದ ದಿನ ಮಗುವನ್ನು ನೋಡಿಕೊಳ್ಳಬಹುದು, ಬೆನ್ನುನೋವಿಗೆ ಆರೈಕೆ ಮಾಡಿಕೊಳ್ಳಬಹುದು. ಇದು ಆದಾಯ ಪರಿಣಾಮ. ಎರಡೂ ಒಂದೇ ಹೊತ್ತಿಗೆ, ಒಂದೇ ಮನಸ್ಸಿನಲ್ಲಿ, ಎದುರುಬದುರು ಎಳೆಯುತ್ತಿರುತ್ತವೆ.

ಯಾವುದು ಗೆಲ್ಲುತ್ತದೆ ಎಂಬುದಕ್ಕೆ ಕೂಲಿ ಎಷ್ಟು ಕಾಲ ಏರಿ ನಿಲ್ಲುತ್ತದೆ ಎಂಬುದು ಬಹಳ ಮುಖ್ಯ. ಸುಗ್ಗಿಯ ಹದಿನೈದು ದಿನ ಮಾತ್ರ ಏರಿದ ಕೂಲಿಯಿಂದ ಯಾರ ಬಾಳೂ ಬದಲಾಗುವುದಿಲ್ಲ. ಆಗ ಮೊದಲ ಸೆಳೆತವೇ ಬಲ, ಜನ ಆದಷ್ಟು ದಿನ ದುಡಿದಿಟ್ಟುಕೊಳ್ಳಲು ನೋಡುತ್ತಾರೆ. ಕೂಲಿ ವರ್ಷಗಟ್ಟಲೆ ಏರಿ ಅಲ್ಲೇ ನಿಂತರೆ ಮಾತ್ರ ಎರಡನೆಯದಕ್ಕೆ ಬಲ ಬರುತ್ತದೆ. ಬಸುರಿ ಹೆಂಗಸು ಕಳೆ ಕೀಳಲು ಹೋಗುವುದು ನಿಲ್ಲುತ್ತದೆ, ಹುಡುಗಿ ಹತ್ತಿ ಬಿಡಿಸುವುದು ಬಿಟ್ಟು ಹೈಸ್ಕೂಲಿಗೆ ಹೋಗುತ್ತಾಳೆ, ಎಪ್ಪತ್ತರ ಮುದುಕ ಮನೆಯಲ್ಲಿ ಕೂರುತ್ತಾನೆ. ಇವನ್ನೆಲ್ಲ ‘ಆಳುಗಳ ಕೊರತೆ’ ಎಂಬ ಒಂದೇ ಚೀಲಕ್ಕೆ ತುಂಬುವುದು ನನಗಂತೂ ಅನ್ಯಾಯವೆನಿಸುತ್ತದೆ.

ಪಠ್ಯಪುಸ್ತಕಗಳು ಅವಸರದಲ್ಲಿ ದಾಟಿಹೋಗುವ ಇನ್ನೊಂದು ವಿಷಯವಿದೆ. ಈ ಲೆಕ್ಕವೆಲ್ಲ ನಡೆಯುವುದು ‘ಇವತ್ತು ಬರುವುದಿಲ್ಲ’ ಎನ್ನಲು ಶಕ್ತಿಯಿದ್ದವರಲ್ಲಿ. ಮನೆಯಲ್ಲಿ ಹಿಟ್ಟಿಲ್ಲದವರಲ್ಲಿ ಇದು ತಿರುಗುಮುರುಗಾಗುತ್ತದೆ. ಕೂಲಿ ಇಳಿದಾಗ ಅವರು ಕಡಿಮೆ ದುಡಿಯಲಾರರು, ಹೆಚ್ಚೇ ದುಡಿಯಬೇಕು. ಗಂಡನ ಕೂಲಿ ಸಾಲದೆ ಹೆಂಡತಿ ಹೊರಡುತ್ತಾಳೆ, ಅದೂ ಸಾಲದಿದ್ದರೆ ಮಗ ಶಾಲೆ ಬಿಡುತ್ತಾನೆ.

ಮಲಾವಿಯ ಹನ್ನೆರಡು ವಾರ

ಇದನ್ನು ಅಳೆಯುವುದು ಸುಲಭವಲ್ಲ. ಕೂಲಿ ಹೆಚ್ಚಿದ್ದ ದಿನ ಜನ ಹೆಚ್ಚು ಬಂದರು ಎಂದ ಮಾತ್ರಕ್ಕೆ ಕೂಲಿಯಿಂದಲೇ ಬಂದರು ಎನ್ನುವಂತಿಲ್ಲ. ಮಳೆ ಬಿದ್ದು ಕೆಲಸ ಹೆಚ್ಚಿದ್ದರಿಂದ ಎರಡೂ ಏರಿರಬಹುದು. ಹೀಗಾಗಿ ಜೆಸ್ಸಿಕಾ ಗೋಲ್ಡ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞೆ ಮಲಾವಿಯ ಹಳ್ಳಿಗಳಲ್ಲಿ ಕೂಲಿಯನ್ನು ತಾವೇ ನಿಗದಿ ಮಾಡಿ ನೋಡಿದರು. ಆ ಅಧ್ಯಯನ 2016ರಲ್ಲಿ ಪ್ರಕಟವಾಯಿತು.

ಮಲಾವಿಯಲ್ಲಿ ದಿನದ ಲೆಕ್ಕದ ಕೂಲಿಗೆ ‘ಗನ್ಯು’ ಎನ್ನುತ್ತಾರೆ. ಹೊಲದಲ್ಲಿ ಮೆಕ್ಕೆಜೋಳ ಬೆಳೆಯುವ ಸಣ್ಣ ರೈತರೇ ಕೈಯಲ್ಲಿ ಕಾಸಿಲ್ಲದಾಗ ಗನ್ಯುವಿಗೆ ಹೋಗುತ್ತಾರೆ. ಗೋಲ್ಡ್‌ಬರ್ಗ್ 529 ಮಂದಿ ಗಂಡಸರು ಮತ್ತು ಹೆಂಗಸರಿಗೆ ಸತತ ಹನ್ನೆರಡು ವಾರ, ವಾರಕ್ಕೊಂದು ದಿನ ಕೆಲಸ ಕೊಡುವುದಾಗಿ ಹೇಳಿದರು. ನಮ್ಮ ಉದ್ಯೋಗ ಖಾತ್ರಿಯ ಕಾಮಗಾರಿಯಂಥ ಕೆಲಸ ಅದು. ಕೂಲಿ ವಾರದಿಂದ ವಾರಕ್ಕೆ ಬದಲಾಗುತ್ತಿತ್ತು: ಅಲ್ಲಿನ ನಾಣ್ಯದಲ್ಲಿ ಒಮ್ಮೆ 30 ಕ್ವಾಚಾ, ಇನ್ನೊಮ್ಮೆ 140 ಕ್ವಾಚಾ, ಮಿಕ್ಕ ವಾರ ಇವೆರಡರ ನಡುವೆ ಎಲ್ಲಾದರೂ. ಅಲ್ಲಿನ ಕೂಲಿ ದರಗಳಲ್ಲಿ ತೀರ ಕೆಳಗಿನವುಗಳಿಂದ ಹಿಡಿದು ತೀರ ಮೇಲಿನವುಗಳವರೆಗೆ ಹರಡುವಂತೆ ಈ ಅಂಕಿಗಳನ್ನು ಆರಿಸಿದ್ದರು. ಬರುವುದೂ ಬಿಡುವುದೂ ಜನರ ಇಷ್ಟ.

ಹಳೆಯ ನಂಬಿಕೆ ನಿಜವಾಗಿದ್ದರೆ ಕೂಲಿ ಹೆಚ್ಚಿದ ವಾರ ಬರುವವರು ಕಡಿಮೆಯಾಗಬೇಕಿತ್ತು. ಹಾಗಾಗಲಿಲ್ಲ, ಹೆಚ್ಚಿದರು. ಆದರೆ ಬಹಳ ಹೆಚ್ಚಲಿಲ್ಲ. ಯಾಕೆಂದರೆ 30 ಕ್ವಾಚಾ ಕೊಟ್ಟ ದಿನವೇ ನೂರಕ್ಕೆ 74 ಜನ ಬಂದಿದ್ದರು! ನಾಲ್ಕೂವರೆ ಪಟ್ಟು ಕೊಟ್ಟರೂ ಇನ್ನು ಎಷ್ಟು ಜನ ಹೆಚ್ಚಾಗಲು ಸಾಧ್ಯ? ಲೆಕ್ಕ ಹಾಕಿದಾಗ ಸಿಕ್ಕ ಸ್ಥಿತಿಸ್ಥಾಪಕತ್ವ 0.15. ಅಂದರೆ ಕೂಲಿ ನೂರಕ್ಕೆ ಹತ್ತು ಏರಿದರೆ ಬರುವವರ ಸಂಖ್ಯೆ ನೂರಕ್ಕೆ ಒಂದೂವರೆಯಷ್ಟು ಏರುತ್ತದೆ. ಗಂಡಾಳಿಗೂ ಹೆಣ್ಣಾಳಿಗೂ ಇದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 1979ರಷ್ಟು ಹಿಂದೆಯೇ ಪ್ರಣಬ್ ಬರ್ಧನ್ ಪಶ್ಚಿಮ ಬಂಗಾಳದ ಗ್ರಾಮೀಣ ಕುಟುಂಬಗಳ ಅಂಕಿಗಳನ್ನಿಟ್ಟುಕೊಂಡು ನೋಡಿದಾಗಲೂ ಇಂಥದೇ ಫಲ ಸಿಕ್ಕಿತ್ತು: ಕೂಲಿ ಏರಿದರೆ ದುಡಿಮೆ ಏರುತ್ತದೆ, ಆದರೆ ಸ್ವಲ್ಪವೇ.

ಇದರಲ್ಲಿ ನಾವು ದೃಷ್ಟಿಯಿಡಬೇಕಾದದ್ದು 0.15 ಎಂಬ ಅಂಕಿಗಿಂತ ಹೆಚ್ಚಾಗಿ ಆ 74ರ ಮೇಲೆ. ಪ್ರಯೋಗ ನಡೆದದ್ದು ಹೊಲದಲ್ಲಿ ಹೆಚ್ಚು ಕೆಲಸವಿಲ್ಲದ ದಿನಗಳಲ್ಲಿ. ಆ ದಿನ ಕೂಲಿಗೆ ಹೋಗದಿದ್ದರೆ ಬೇರೆ ಗಳಿಕೆ ಇಲ್ಲವೇ ಇಲ್ಲ ಎನ್ನಬಹುದು. ಅಂಥ ಹೊತ್ತಿನಲ್ಲಿ 30 ಕ್ವಾಚಾವೂ ಬಿಡಲಾಗದ ದುಡ್ಡು. ಬಡವರ ದುಡಿಮೆ ಕೂಲಿಯ ಜೊತೆ ಹೆಚ್ಚು ಏರಿಳಿಯದಿರುವುದಕ್ಕೆ ಅವರ ಸ್ವಭಾವ ಕಾರಣವಲ್ಲ, ಕೈಯಲ್ಲಿ ಬೇರೆ ದಾರಿ ಇಲ್ಲದಿರುವುದು ಕಾರಣ. ಅಂಥವರನ್ನು ಕರೆಯುವ ಮಾಲೀಕ ಕೂಲಿ ಇಳಿಸಿದರೂ ಅವನಿಗೆ ಆಳು ಸಿಗುತ್ತಾರೆ. ಅಪಾಯವಿರುವುದು ಇಲ್ಲಿ.

ಮಳೆ ಕೈಕೊಟ್ಟ ವರ್ಷ

ಈ ಅಪಾಯ ಭಾರತದ ಹಳ್ಳಿಗಳಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ಸೀಮಾ ಜಯಚಂದ್ರನ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸುತ್ತದೆ. ಅವರು 1956ರಿಂದ 1987ರವರೆಗೆ 257 ಜಿಲ್ಲೆಗಳ ಕೃಷಿ ಕೂಲಿ ಮತ್ತು ಮಳೆಯ ಅಂಕಿಗಳನ್ನು ಜೋಡಿಸಿ ನೋಡಿದರು.

ಮಳೆ ಕೈಕೊಟ್ಟರೆ ಹೊಲದಲ್ಲಿ ಕೆಲಸ ಕಡಿಮೆ, ಆದ್ದರಿಂದ ಕೂಲಿ ಇಳಿಯುವುದು ಸಹಜ. ಆದರೆ ಎಷ್ಟು ಇಳಿಯುತ್ತದೆ? ಅದನ್ನು ಮಳೆಯೊಂದೇ ತೀರ್ಮಾನಿಸುವುದಿಲ್ಲ. ಕೂಲಿಯವರ ಹತ್ತಿರ ಉಳಿತಾಯವಿದ್ದರೆ, ಬ್ಯಾಂಕಿನಲ್ಲಿ ಸಾಲ ಹುಟ್ಟಿದರೆ, ಬಸ್ಸು ಹತ್ತಿ ಬೇರೆ ಊರಿಗೆ ಹೋಗಲು ಸಾಧ್ಯವಿದ್ದರೆ, ಅವರಲ್ಲಿ ಕೆಲವರಾದರೂ ಕಡಿಮೆ ಕೂಲಿಗೆ ಬರಲು ಒಪ್ಪುವುದಿಲ್ಲ. ಇದ್ಯಾವುದೂ ಇಲ್ಲದ ಊರಿನಲ್ಲಿ ಎಲ್ಲರಿಗೂ ಹೊಟ್ಟೆ ತುಂಬಿಸುವ ಆತುರ. ಎಲ್ಲರೂ ಒಟ್ಟಿಗೇ ಹೆಚ್ಚು ದಿನ ದುಡಿಯಲು ಮುಂದಾಗುತ್ತಾರೆ, ಮುಂದಾದ ಕಾರಣಕ್ಕೇ ಕೂಲಿ ಇನ್ನಷ್ಟು ಕುಸಿಯುತ್ತದೆ. ಜಯಚಂದ್ರನ್ ಕಂಡದ್ದೂ ಇದನ್ನೇ: ಬ್ಯಾಂಕು ಹೆಚ್ಚಿರುವ ಮತ್ತು ಹೊರಗೆ ಹೋಗಲು ಸುಲಭವಾಗಿರುವ ಜಿಲ್ಲೆಗಳಲ್ಲಿ ಕೆಟ್ಟ ವರ್ಷಗಳಲ್ಲೂ ಕೂಲಿ ಅಷ್ಟಾಗಿ ಬೀಳಲಿಲ್ಲ. ಉಳಿದ ಕಡೆ ಬಿತ್ತು. ಬಿದ್ದಾಗ ಅದರ ಲಾಭ ಹೋದದ್ದು ಜಮೀನಿದ್ದವರಿಗೆ. ಬೆಳೆಯ ನಷ್ಟದ ಒಂದು ಪಾಲನ್ನು ಅಗ್ಗದ ಆಳು ತುಂಬಿಕೊಟ್ಟಂತಾಯಿತು. ಬರದ ಭಾರವನ್ನು ಹೊರಲು ತೀರ ಅಸಮರ್ಥರಾದವರ ಹೆಗಲಿಗೇ ಅದರ ದೊಡ್ಡ ಪಾಲು ಬೀಳುವ ಬಗೆ ಇದು.

ಹಳ್ಳಿಯಲ್ಲಿ ಬೆಳೆದವರು ಇಲ್ಲೊಂದು ತಕರಾರು ತೆಗೆಯಬಹುದು. ಬರಗಾಲದಲ್ಲಿ ಕೂಲಿ ದರ ಇಳಿದದ್ದನ್ನು ಎಲ್ಲಿ ನೋಡಿದ್ದೀರಿ, ಒಮ್ಮೆ ಏರಿದರೆ ಇಳಿಯುವುದಿಲ್ಲವಲ್ಲ ಎಂದು. ಅದೂ ಸರಿ. ಒಳ್ಳೆಯ ಮಳೆಯ ವರ್ಷ ಏರಿದ ಕೂಲಿ ಮರುವರ್ಷ ಇಳಿಯುವುದಿಲ್ಲ ಎಂದು ಸುಪ್ರೀತ್ ಕೌರ್ 2019ರ ಅಧ್ಯಯನದಲ್ಲಿ ಭಾರತದ ಜಿಲ್ಲೆಗಳ ಅಂಕಿಗಳಿಂದಲೇ ತೋರಿಸಿದ್ದಾರೆ. ಊರಿನ ದರಕ್ಕಿಂತ ಕಡಿಮೆಗೆ ಹೋದವರನ್ನು ಓಣಿಯವರು ಸುಮ್ಮನೆ ಬಿಡುವುದಿಲ್ಲ. ಒಡಿಶಾದಲ್ಲಿ ಕೌರ್ ಅವರೂ ಸಂಗಡಿಗರೂ ನಡೆಸಿದ ಇನ್ನೊಂದು ಪ್ರಯೋಗದಲ್ಲಿ, ಕಡಿಮೆ ಕೂಲಿಯ ಕೆಲಸವನ್ನು ಗುಟ್ಟಾಗಿ ಕೇಳಿದಾಗ ಒಪ್ಪಿದವರಲ್ಲಿ ಬಹುಪಾಲು ಜನ, ನೆರೆಹೊರೆಯ ಎದುರು ಕೇಳಿದರೆ ಒಪ್ಪಲು ತಯಾರಿರಲಿಲ್ಲ. ಸಂಘಟನೆ ಇಲ್ಲದ ಕೂಲಿಯವರು ಹೀಗೆ ತಮ್ಮ ದರವನ್ನು ತಾವೇ ಕಾಯ್ದುಕೊಳ್ಳುತ್ತಾರೆ. ಆದರೆ ದರ ಅಲ್ಲೇ ನಿಂತರೂ ಅಕ್ಕಿ, ಬೇಳೆ, ಎಣ್ಣೆಯ ಬೆಲೆ ನಿಲ್ಲುವುದಿಲ್ಲ. ಏರಬೇಕಾಗಿದ್ದ ಕೂಲಿ ಏರದೆ ಉಳಿದರೆ ಅದೂ ಇಳಿಕೆಯೇ. ಅಲ್ಲದೆ ದರ ಇಳಿಸಲಾಗದ ಮಾಲೀಕ ಆಳುಗಳನ್ನೇ ಕಡಿಮೆ ಮಾಡುತ್ತಾನೆ, ಕೆಲಸದ ದಿನಗಳು ಕಡಿತವಾಗುತ್ತವೆ.

ದರ ಇಳಿಯುವ ಮತ್ತೊಂದು ದಾರಿ ಮುಂಗಡ. ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಸೀಮೆಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಡಿಯುವ ಗ್ಯಾಂಗುಗಳು ಬರುತ್ತವೆ. ಗಂಡ ಹೆಂಡತಿ ಸೇರಿದರೆ ಒಂದು ಲೆಕ್ಕ. ಹಂಗಾಮು ಶುರುವಾಗುವ ಮುಂಚೆ, ಮನೆಯಲ್ಲಿ ಏನೂ ಇಲ್ಲದ ತಿಂಗಳುಗಳಲ್ಲಿ, ಆಳುಗಳ ಗುತ್ತಿಗೆದಾರನಾದ ಮುಕಾದಮನಿಂದ ಮುಂಗಡ ಪಡೆದಿರುತ್ತಾರೆ. ಆಮೇಲೆ ಕಬ್ಬಿನ ಗದ್ದೆಯಲ್ಲಿ ದುಡಿದು ತೀರಿಸುತ್ತಾರೆ. ರಾಯಚೂರು, ಯಾದಗಿರಿಯಿಂದ ಗುಳೆ ಹೋಗುವ ಎಷ್ಟೋ ಕುಟುಂಬಗಳದ್ದೂ ಇದೇ ದಾರಿ. ದುಡಿಮೆಗೆ ಬೇಡಿಕೆ ಹೆಚ್ಚಿರುವುದು ಹಂಗಾಮಿನಲ್ಲಿ, ಆದರೆ ಬೆಲೆ ಕಟ್ಟಿದ್ದು ಹಸಿವಿನ ತಿಂಗಳಿನಲ್ಲಿ. ಹಂಗಾಮಿನ ಕೂಲಿ ಆಮೇಲೆ ಎಷ್ಟು ಏರಿದರೂ ಇವರ ದಿನಗಳು ಆಗಲೇ ಮಾರಾಟವಾಗಿರುತ್ತವೆ.

ಆಳು ಸಿಗಲ್ಲ, ಕೆಲಸ ಸಿಗಲ್ಲ

ಇನ್ನು ಮೊದಲನೆಯ ಮಾತು, ಆಳು ಸಿಗುವುದಿಲ್ಲ ಎಂಬುದು. ಅದೇ ಊರಿನ ಕೂಲಿಯವರನ್ನು ಕೇಳಿದರೆ ಕೆಲಸ ಸಿಗುವುದಿಲ್ಲ ಎನ್ನುತ್ತಾರೆ. ಇಬ್ಬರ ಮಾತೂ ನಿಜ, ತಿಂಗಳು ಮಾತ್ರ ಬೇರೆ.

ಎಮಿಲಿ ಬ್ರೆಜಾ, ಸುಪ್ರೀತ್ ಕೌರ್ ಮತ್ತು ಯೋಗಿತಾ ಶಾಮದಾಸಾನಿ ಒಡಿಶಾದ 60 ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿದರು. ಕೆಲವು ಹಳ್ಳಿಗಳ ಕೂಲಿ ಗಂಡಸರಲ್ಲಿ ಸುಮಾರು ಕಾಲು ಭಾಗದವರೆಗೂ ಜನರನ್ನು ತಿಂಗಳ ಮಟ್ಟಿಗೆ ಹೊರಗಿನ ಕೆಲಸಕ್ಕೆ ತೆಗೆದುಕೊಂಡರು. ಅಷ್ಟು ಜನ ಒಮ್ಮೆಲೇ ಹೋದರೆ ಊರಿನಲ್ಲಿ ಕೂಲಿ ಏರಬೇಕಲ್ಲವೇ? ಸುಗ್ಗಿ ಕಾಲದಲ್ಲಿ ಏರಿತು. ಹೊಲದ ಕೆಲಸ ಕಡಿಮೆ ಇರುವ ತಿಂಗಳುಗಳಲ್ಲಿ ಕೂಲಿ ಕದಲಲಿಲ್ಲ, ನಿಂತ ಕೆಲಸವೂ ಇಲ್ಲ. ಹೋದವರ ಜಾಗಕ್ಕೆ ಊರಿನಲ್ಲೇ ಉಳಿದಿದ್ದವರು ಬಂದರು. ಅದೇ ಕೂಲಿಗೆ ಬರಲು ಸಿದ್ಧರಿದ್ದೂ ಕರೆಯುವವರಿಲ್ಲದೆ ಕೂತಿದ್ದ ಜನ ಅಷ್ಟೊಂದಿದ್ದರು. ಮಳೆಯನ್ನೇ ನಂಬಿದ ನಮ್ಮ ಬಯಲುಸೀಮೆಯವರಿಗೆ ಇದು ಪರಿಚಯದ ಸಂಗತಿ: ಬಿತ್ತನೆಯ, ಕೊಯ್ಲಿನ ಕೆಲವೇ ವಾರಗಳಲ್ಲಿ ಎಲ್ಲರ ಹೊಲವೂ ಒಟ್ಟಿಗೇ ಆಳು ಕೇಳುತ್ತದೆ, ಯುಗಾದಿಯ ಆಚೀಚೆ ಯಾರೂ ಕೇಳುವುದಿಲ್ಲ. ವರ್ಷಪೂರ್ತಿ ಇಲ್ಲದ ಕೆಲಸಕ್ಕೆ ವರ್ಷಪೂರ್ತಿ ಕಾದು ಕೂರಬೇಕೆಂದು ನಾವು ಅವರಿಂದ ಬಯಸುವುದು ಹೇಗೆ? ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿರುತ್ತಾರೆ. ಅಲ್ಲಿ ಸಿಗುವ ಕೂಲಿಯಷ್ಟೇ ಅಲ್ಲ, ಅಲ್ಲಿ ಸಿಗುವ ದಿನಗಳೂ ಅವರನ್ನು ಹಿಡಿದಿಡುತ್ತವೆ.

ಹೆಣ್ಣಾಳಿನ ಲೆಕ್ಕವನ್ನು ಬೇರೆಯಾಗಿಯೇ ನೋಡಬೇಕು. ನೀರು, ಸೌದೆ, ಎಮ್ಮೆ, ಮಕ್ಕಳು, ಮಲಗಿದ ಅತ್ತೆ, ಇವೆಲ್ಲ ಅವಳ ಕೂಲಿಯಿಲ್ಲದ ಕೆಲಸ. ಮಲಾವಿಯ ಪ್ರಯೋಗದಂತೆ ವಾರಕ್ಕೊಂದೇ ದಿನವಾದರೆ ಇದನ್ನೆಲ್ಲ ಹೇಗೋ ಸಂಭಾಳಿಸಬಹುದು, ಆರು ದಿನವಾದರೆ ಆಗದು. ಹಾಗಾಗಿ ಮನೆಗೆ ಬೇರೆ ದಾರಿಯಿಂದ ದುಡ್ಡು ಬರತೊಡಗಿದಾಗ ಮೊದಲು ಹೊಲ ಬಿಡುವವಳು ಅವಳೇ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಗ್ರಾಮೀಣ ಮಹಿಳೆಯರಲ್ಲಿ ದುಡಿಮೆಯಲ್ಲಿದ್ದವರು 2004-05ರಲ್ಲಿ ನೂರಕ್ಕೆ 32.7, 2011-12ರಲ್ಲಿ 24.8. ಗ್ರಾಮೀಣ ಕೂಲಿ ಬೆಲೆಯೇರಿಕೆಯನ್ನೂ ಮೀರಿ ಏರಿದ್ದು ಇದೇ ಅವಧಿಯ ಕೊನೆಯ ವರ್ಷಗಳಲ್ಲಿ. ಹುಡುಗಿಯರು ಶಾಲೆಯಲ್ಲಿ ಮುಂದುವರಿದದ್ದು, ಯಂತ್ರಗಳು ಬಂದದ್ದು, ಮನೆಗೆಲಸವನ್ನು ದುಡಿಮೆಯೆಂದು ಎಣಿಸದಿರುವುದು, ಎಲ್ಲವೂ ಇದರಲ್ಲಿ ಸೇರಿವೆ. ಕೂಲಿ ಏರಿದ್ದಕ್ಕೆ ಹೆಂಗಸರು ಮೈಗಳ್ಳರಾದರು ಎಂದು ಇದನ್ನು ಓದುವವರು ಅವರ ಮುಂಜಾನೆ ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂದು ಒಮ್ಮೆ ನೋಡಬೇಕು.

ಖಾತ್ರಿ ಕೂಲಿ, ಕೈಗೆ ಬಂದ ಎರಡು ಸಾವಿರ

2005ರ ಉದ್ಯೋಗ ಖಾತ್ರಿ ಕಾಯ್ದೆ 2006ರ ಫೆಬ್ರವರಿಯಲ್ಲಿ 200 ಜಿಲ್ಲೆಗಳಲ್ಲಿ ಜಾರಿಗೆ ಬಂದಾಗಿನಿಂದ, ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ಅದನ್ನು ನಿಲ್ಲಿಸಿ ಎಂಬ ಬೇಡಿಕೆ ಕೇಳುತ್ತಲೇ ಬಂದಿದ್ದೇವೆ. ನಮ್ಮ ಪಕ್ಕದ ಅವಿಭಜಿತ ಆಂಧ್ರಪ್ರದೇಶದಲ್ಲಿ ಕೂಲಿ ಪಾವತಿಯನ್ನು ಸ್ಮಾರ್ಟ್‌ಕಾರ್ಡ್ ಮೂಲಕ ಸರಿಪಡಿಸಿದಾಗ ಏನಾಯಿತೆಂದು ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್, ಸಂದೀಪ್ ಸುಖ್ತಣಕರ್ ಅಳೆದರು. ಸುಮಾರು 1.9 ಕೋಟಿ ಜನರಿದ್ದ ಪ್ರದೇಶವದು. ಬಡ ಕುಟುಂಬಗಳ ಆದಾಯ ಏರಿತು. ಏರಿದ್ದರಲ್ಲಿ ಬಹುಪಾಲು ಬಂದದ್ದು ಖಾತ್ರಿ ಕೆಲಸದಿಂದಲ್ಲ, ಹೊರಗಿನ ಕೂಲಿಯಿಂದ. ಸರ್ಕಾರಿ ಕೆಲಸ ನಂಬುವಂತಾದಾಗ ಉಳಿದವರೂ ಕೂಲಿ ಏರಿಸಬೇಕಾಯಿತು. ಆದರೂ ಖಾಸಗಿ ಕೆಲಸ ಕಡಿಮೆಯಾಗಲಿಲ್ಲ. ಕೂಲಿಯವರಿಗೆ ಇನ್ನೊಂದು ದಾರಿ ಇದೆ ಎಂಬುದೇ ಊರಿನ ದರವನ್ನು ಮೇಲೆತ್ತಿತು. ಸುಗ್ಗಿಯಲ್ಲಿ ಆ ದಾರಿ ಮುಚ್ಚಿ ಎನ್ನುವವರು, ಕೂಲಿಯವರ ಮಾತಿಗೆ ವರ್ಷದಲ್ಲಿ ತುಸುವಾದರೂ ತೂಕ ಬರುವ ವಾರಗಳಲ್ಲೇ ಅದನ್ನು ಕಿತ್ತುಕೊಳ್ಳಿ ಎನ್ನುತ್ತಿದ್ದಾರೆ. ಸಣ್ಣ ರೈತನ ಕಷ್ಟ ನಿಜವಾದದ್ದೇ, ಆದರೆ ಅದಕ್ಕೆ ಪರಿಹಾರ ಬೆಳೆಯ ಬೆಲೆಯಲ್ಲಿ ಸಿಗಬೇಕು, ಪಕ್ಕದ ಓಣಿಯವರ ಕೂಲಿಯಲ್ಲಿ ಅಲ್ಲ.

ಗೃಹಲಕ್ಷ್ಮಿಯ ವಿಷಯಕ್ಕೂ ಇದೇ ಲೆಕ್ಕ ಹಿಡಿದು ನೋಡೋಣ. 2023ರ ಆಗಸ್ಟ್‌ನಲ್ಲಿ ಶುರುವಾದ ಈ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿ ಇತ್ತು. ಅಂದರೆ ಐದೂವರೆ ದಿನದ ಕೂಲಿಗೂ ತುಸು ಕಡಿಮೆ. ಇಷ್ಟಕ್ಕೆ ಯಾರೂ ತಿಂಗಳೆಲ್ಲ ಮನೆಯಲ್ಲಿ ಕೂರಲಾರರು. ಮೆಕ್ಸಿಕೊ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಸೇರಿ ಆರು ದೇಶಗಳ ಏಳು ನಗದು ಯೋಜನೆಗಳ ಪರೀಕ್ಷೆಗಳನ್ನು ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು 2017ರಲ್ಲಿ ಒಟ್ಟಿಗೆ ನೋಡಿದಾಗ, ನಗದು ಪಡೆದವರು ದುಡಿಮೆ ಕಡಿಮೆ ಮಾಡಿದರು ಎನ್ನಲು ಆಧಾರ ಸಿಗಲಿಲ್ಲ. ಘಾನಾದಲ್ಲಿ ಚೀಲ ಹೊಲಿಯುವ ಕೆಲಸ ಕೊಟ್ಟಾಗ, ಆಡು ಮುಂತಾದ ಆಸ್ತಿಯ ನೆರವು ಪಡೆದಿದ್ದ ಬಡವರು ಕಡಿಮೆ ಹೊಲಿಯಲಿಲ್ಲ, ಹೆಚ್ಚೇ ಹೊಲಿದರು. ಐದು ದಿನದ ಕೂಲಿ ಕೈಯಲ್ಲಿರುವ ಹೆಂಗಸು ಕೆಲಸಕ್ಕೆ ಹೋಗುವುದನ್ನು ಬಿಡುವುದಿಲ್ಲ. ಜ್ವರ ಬಂದ ದಿನ, ಅಥವಾ ಅರ್ಧ ಕೂಲಿಗೆ ಕರೆದ ದಿನ ‘ಇಲ್ಲಪ್ಪ, ಬರಕ್ಕಾಗಲ್ಲ’ ಎನ್ನುವ ಧೈರ್ಯ ಮಾಡಬಹುದು.

ಬಟವಾಡೆ ಯಾವತ್ತು?

ಕೂಲಿ ಎಷ್ಟು ಎಂಬುದರ ಜೊತೆ ಯಾವತ್ತು ಎಂಬುದೂ ದುಡಿಮೆಯನ್ನು ಬದಲಿಸುತ್ತದೆ. ಪಶ್ಚಿಮ ಕೀನ್ಯಾದ ಸೈಕಲ್ ಟ್ಯಾಕ್ಸಿಯವರನ್ನು ಗಮನಿಸಿದವರು ಕಂಡದ್ದು, ಮನೆಯಲ್ಲಿ ಕಾಸಿನ ತುರ್ತು ಇದ್ದ ದಿನ ಅವರು ಹೆಚ್ಚು ಹೊತ್ತು ತುಳಿಯುತ್ತಾರೆ ಎಂದು. ಸ್ವಸಹಾಯ ಸಂಘದ ಕಂತಿನ ಹಿಂದಿನ ದಿನ ನಮ್ಮ ಹಳ್ಳಿಗಳಲ್ಲಿ ಕೂಲಿ ಹುಡುಕಿ ಹೊರಡುವವರಿಗೆ ಇದನ್ನು ವಿವರಿಸಬೇಕಿಲ್ಲ. ಒಡಿಶಾದಲ್ಲಿ ಎಲೆಗಳನ್ನು ಹೊಲಿದು ಊಟದ ತಟ್ಟೆ ಮಾಡುವ ಕೆಲಸಗಾರರಲ್ಲಿ ಕೆಲವರಿಗೆ ದುಡಿದ ಕೂಲಿಯ ಒಂದು ಪಾಲನ್ನು ಮುಂಚೆಯೇ ಕೊಟ್ಟು ನೋಡಿದರು. ದರ ಅದೇ, ಒಟ್ಟು ಹಣವೂ ಅದೇ. ದುಡ್ಡು ಕೈಗೆ ಬಂದ ಮೇಲೆ ಅವರು ಗಂಟೆಗೆ ಮಾಡುವ ತಟ್ಟೆಗಳು ನೂರಕ್ಕೆ ಸುಮಾರು ಏಳರಷ್ಟು ಹೆಚ್ಚಿದವು, ತಪ್ಪುಗಳೂ ಕಡಿಮೆಯಾದವು. ಸಾಲದ ಚಿಂತೆ ಒಂದಿಷ್ಟು ಇಳಿದಾಗ ಕೈಗೂ ಕಣ್ಣಿಗೂ ಬಿಡುವು ಸಿಗುತ್ತದೆ ಎಂಬುದು ಸಂಶೋಧಕರ ವಿವರಣೆ.

ಆದ್ದರಿಂದ ಸಂತೆಯ ದಿನಕ್ಕೆ ಸರಿಯಾಗಿ ಬಟವಾಡೆ ಮಾಡುವ ಮಾಲೀಕನ ಹೊಲಕ್ಕೆ, ಹತ್ತು ರೂಪಾಯಿ ಹೆಚ್ಚು ಹೇಳಿ ತಿಂಗಳು ಸತಾಯಿಸುವವನ ಹೊಲಕ್ಕಿಂತ ಬೇಗ ಆಳು ಸೇರುತ್ತಾರೆ. ಇದು ಸರ್ಕಾರಕ್ಕೂ ಅನ್ವಯಿಸುತ್ತದೆ. ಖಾತ್ರಿ ಕೂಲಿಯನ್ನು 15 ದಿನದೊಳಗೆ ಕೊಡಬೇಕು ಎಂದದ್ದು 2005ರ ಕಾಯ್ದೆ. ತಡವಾದರೆ ದಿನಕ್ಕೆ ನೂರಕ್ಕೆ 0.05ರಂತೆ ಪರಿಹಾರವೆಂದು ಗೊತ್ತುಮಾಡಲಾಯಿತು. 370ರಂತೆ ಆರು ದಿನ ದುಡಿದವರಿಗೆ ಬರಬೇಕಾದದ್ದು 2,220 ರೂಪಾಯಿ. ಅದು ತಡವಾದ ಪ್ರತಿ ದಿನಕ್ಕೂ ಸಿಗುತ್ತಿದ್ದ ಪರಿಹಾರ 1 ರೂಪಾಯಿ 11 ಪೈಸೆ. ಅಷ್ಟೇ ಹಣವನ್ನು ಊರಿನಲ್ಲಿ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ಕೈಸಾಲ ತಂದರೆ ದಿನದ ಬಡ್ಡಿ 2 ರೂಪಾಯಿ 22 ಪೈಸೆ.